ಒಮ್ಮೆ ಎಳೆದರೆ ಮುಗಿಯಿತು!

ಪಿಂಗಾಣಿ ಬಟ್ಟಲಿನ ಅಂಚು ಚಕ್ಕೆ ಎದ್ದರೆ ಒಳಗೂ ಬಿಳಿಯೇ ಕಾಣುತ್ತದೆ. ಇಂಗ್ಲೆಂಡಿನ ಹಳೆಯ ಡೆಲ್ಫ್ಟ್ ತಟ್ಟೆ ಹಾಗಲ್ಲ. ಚಕ್ಕೆ ಎದ್ದ ಕಡೆ ಇಣುಕುವುದು ಮಾಸಲು ಹಳದಿ ಮಣ್ಣು. ಬಿಳುಪೆಲ್ಲ ಮೇಲಿನ ಲೇಪದ್ದು.

ಚೀನಾದ ಪಿಂಗಾಣಿಗೆ ಯೂರೋಪು ಮರುಳಾಗಿತ್ತು, ಮಾಡುವ ಗುಟ್ಟು ಮಾತ್ರ ತಿಳಿದಿರಲಿಲ್ಲ. ಸೀಸದ ಗಾಜುಲೇಪಕ್ಕೆ ತವರದ ಆಕ್ಸೈಡ್ ಬೆರೆಸಿದರೆ ಅದು ಹಾಲಿನಂತೆ ಬೆಳ್ಳಗಾಗಿ ಮಣ್ಣಿನ ಬಣ್ಣವನ್ನು ಮುಚ್ಚುತ್ತದೆ. ಅರಬ್ ನಾಡುಗಳಿಂದ ಸ್ಪೇನ್, ಇಟಲಿಗಳ ಮೂಲಕ ಬಂದ ಈ ವಿದ್ಯೆಯನ್ನು ಆಂಟ್‌ವರ್ಪಿನ ಕುಂಬಾರರಾದ ಆಂಡ್ರೀಸ್ ಮತ್ತು ಯಾನ್ಸೆನ್ 1567ರಲ್ಲಿ ನಾರ್ವಿಚ್‌ಗೆ ತಂದರು. ಮುಂದೆ ಲಂಡನ್, ಬ್ರಿಸ್ಟಲ್, ಲಿವರ್‌ಪೂಲ್‌ಗಳಲ್ಲಿ ಆವಿಗೆಗಳು ಹೊಗೆಯಾಡಿದವು. ಡೆಲ್ಫ್ಟ್ ಎಂಬ ಹೆಸರು ಡಚ್ಚರ ಊರಿನದು, ಆಮೇಲೆ ಅಂಟಿಕೊಂಡದ್ದು.

ಚಿತ್ರಗಾರನ ಪಾಡು ನೋಡಿ. ಒಮ್ಮೆ ಸುಟ್ಟ ತಟ್ಟೆಯನ್ನು ಲೇಪದಲ್ಲಿ ಅದ್ದಿ ಒಣಗಿಸಿದರೆ ಮೇಲ್ಮೈ ಹಿಟ್ಟು ಹಿಟ್ಟಾಗಿರುತ್ತದೆ. ಕುಂಚ ತಾಗಿದೊಡನೆ ಮಸಿ ಹೀರುವ ಕಾಗದದಂತೆ ಬಣ್ಣವನ್ನು ಹೀರಿಬಿಡುತ್ತದೆ. ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಸಾಲದ್ದಕ್ಕೆ ಕೋಬಾಲ್ಟ್ ಆಗ ಮಂಕಾಗಿರುತ್ತದೆ, ಮತ್ತೆ ಆವಿಗೆಯಿಂದ ಹೊರಬಂದಾಗಲೇ ಅದು ನೀಲಿ. ತಾಮ್ರದಿಂದ ಹಸಿರು, ಮ್ಯಾಂಗನೀಸಿನಿಂದ ನೇರಳೆ, ಆಂಟಿಮನಿಯಿಂದ ಹಳದಿ.

ಈ ಅವಸರದಲ್ಲೇ ಚೆಲುವಿದೆ. ಹದಿನೇಳನೆಯ ಶತಮಾನದ ದೊಡ್ಡ ತಟ್ಟೆಗಳ ಅಂಚಿಗೆ ಸುತ್ತಲೂ ನೀಲಿಯ ಓರೆಗೀಟುಗಳು, ನಡುವೆ ಟ್ಯುಲಿಪ್ ಹೂ, ಆಡಮ್ ಮತ್ತು ಈವ್, ಇಲ್ಲವೇ ಅರಸರು. ಮರದ ಎಲೆಗಳನ್ನು ಸ್ಪಂಜು ಒತ್ತಿ ಮೂಡಿಸಿದ್ದೂ ಉಂಟು. ಎರಡನೆಯ ಚಾರ್ಲ್ಸ್ ಯಾರು, ಮೂರನೆಯ ವಿಲಿಯಂ ಯಾರು ಎಂದು ಮುಖ ನೋಡಿ ಹೇಳುವುದು ಕಷ್ಟ, ಪಕ್ಕದ ಅಕ್ಷರಗಳೇ ಗತಿ! ನನಗಂತೂ ನಾಜೂಕಾದ ಚೀನೀ ಪಿಂಗಾಣಿಗಿಂತ ಈ ಒರಟು ರಾಜರೇ ಇಷ್ಟ.

1756ರಲ್ಲಿ ಲಿವರ್‌ಪೂಲಿನ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ ಒಂದು ಪ್ರಮಾಣಪತ್ರ ಬರೆದುಕೊಟ್ಟರು. ಯಾರ ನೆರವೂ ಇಲ್ಲದೆ ತಾವಿಬ್ಬರೇ ಆರು ಗಂಟೆಯಲ್ಲಿ 1200ಕ್ಕೂ ಹೆಚ್ಚು ಟೈಲ್ಸುಗಳಿಗೆ ಚಿತ್ರ ಅಚ್ಚೊತ್ತಿದೆವು, ನೂರು ಮಂದಿ ನುರಿತ ಚಿತ್ರಗಾರರು ಅಷ್ಟೇ ಹೊತ್ತಿನಲ್ಲಿ ಇಷ್ಟು ಮಾಡಲಾರರು ಎಂದು. ಅದನ್ನು ಓದಿದ ಚಿತ್ರಗಾರರ ಮನೆಗಳಲ್ಲಿ ಅಂದು ಏನು ಮಾತಾಯಿತೋ! ಆಮೇಲೆ ವೆಜ್‌ವುಡ್‌ನ ಕೆನೆಬಣ್ಣದ ಪಾತ್ರೆ ಬಂತು. ತೆಳು, ಗಟ್ಟಿ, ಕುದಿನೀರಿಗೂ ಜಗ್ಗದು. ಡೆಲ್ಫ್ಟ್‌ಗೆ ಆ ತಾಳಿಕೆ ಇರಲಿಲ್ಲ. ಶತಮಾನ ಮುಗಿಯುವ ಹೊತ್ತಿಗೆ ಹೆಚ್ಚಿನ ಆವಿಗೆಗಳು ಆರಿದ್ದವು.

ಉಳಿದ ತಟ್ಟೆಗಳನ್ನು ಆಸ್ಥೆಯಿಂದ ಕೂಡಿಟ್ಟವರಲ್ಲಿ ಕೇಂಬ್ರಿಜ್‌ನ ಗಣಿತಜ್ಞ ಗ್ಲೇಷರ್ ಒಬ್ಬರು. 1928ರಲ್ಲಿ ಅವರು ತೀರಿಕೊಂಡ ಮೇಲೆ ಸಂಗ್ರಹ ಅಲ್ಲಿನ ಫಿಟ್ಜ್‌ವಿಲಿಯಂ ಸಂಗ್ರಹಾಲಯ ಸೇರಿತು. ಇಂಥ ತಟ್ಟೆಯ ಚಿತ್ರ ಸಿಕ್ಕರೆ ತ್ರಿಕೋನವಾಗಿ ಬರೆದ ಮೂರು ಅಕ್ಷರಗಳಿವೆಯೇ ಹುಡುಕಿ. ಮೇಲಿನದು ಮನೆತನದ ಹೆಸರು, ಕೆಳಗಿನ ಎರಡು ಗಂಡನದು, ಹೆಂಡತಿಯದು. ಜೊತೆಗೆ ಇಸವಿಯೂ ಇದ್ದರೆ ಅದು ಬಹುಶಃ ಮದುವೆಯ ತಟ್ಟೆ.