ಓದುವುದೂ ಅರ್ಥಮಾಡಿಕೊಳ್ಳುವುದೂ

ನಮ್ಮ ಮಾತಿನಲ್ಲಿ 'ಓದು' ಎಂಬುದಕ್ಕೆ ಎರಡು ಅರ್ಥಗಳುಂಟು. 'ಹುಡುಗ ಕಾಗದ ಓದಿದ' ಎಂದರೆ ಒಂದು. 'ಹುಡುಗ ಓದಿದವನು' ಎಂದರೆ ಇನ್ನೊಂದು. ಮೊದಲನೆಯದು ಬಂದರೆ ಎರಡನೆಯದು ತಾನಾಗಿಯೇ ಬಂದೀತೆಂದು ನಮ್ಮ ತಂದೆತಾಯಿಗಳೂ, ಎಷ್ಟೋ ವೇಳೆ ನಮ್ಮ ಶಾಲೆಗಳೂ ನಂಬಿವೆ. ಈ ನಂಬಿಕೆ ಸರಿಯಲ್ಲವೆಂದು ಹೇಳುವುದೇ ಈ ಸಣ್ಣ ಲೇಖನದ ಉದ್ದೇಶ. ನಾನು ಶಿಕ್ಷಣತಜ್ಞನಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಪ್ಪನಿಗೆ ರುಜು ಹಾಕಲು ಬರುತ್ತದೆ, ಅವ್ವನಿಗೆ ಅದೂ ಬಾರದು. ಆದುದರಿಂದ ಕಂಡುಂಡುದನ್ನೇ ಇಲ್ಲಿ ಹೇಳುತ್ತೇನೆ.

ನಾನು ಆಗ ಐದನೆಯ ತರಗತಿಯಲ್ಲಿದ್ದೆ. ಸಾಲ ಕೊಟ್ಟಿದ್ದ ಸಹಕಾರ ಸಂಘವೊಂದರಿಂದ ಅಪ್ಪನ ಹೆಸರಿಗೆ ಒಂದು ನೋಟೀಸು ಬಂತು. ನಮ್ಮ ಬೀದಿಯಲ್ಲಿ ನಾನು ಜಾಣ ಓದುಗನೆಂದು ಹೆಸರು. ಜಗಲಿಯ ಮೇಲೆ ನಿಂತು, ಎಲ್ಲಿಯೂ ತಡವರಿಸದೆ, ಗಟ್ಟಿಯಾಗಿ ಓದಿದೆ. ನಿಗದಿತ ಅವಧಿಯೊಳಗೆ ಅಸಲನ್ನು ಪಾವತಿಸಿದರೆ ಬಡ್ಡಿಯನ್ನು ಮನ್ನಾ ಮಾಡಲಾಗುವುದೆಂದು ಅದರಲ್ಲಿ ಬರೆದಿತ್ತು. ಕೇಳಿದವರೆಲ್ಲ ತಲೆದೂಗಿದರು. ಅಪ್ಪ ಮಾತ್ರ, "ಓದ್ದಲ್ಲ ಮಗ, ಏನಂತೆ ಹೇಳು" ಎಂದರು. 'ಅವಧಿ', 'ಅಸಲು', 'ಪಾವತಿ', 'ಮನ್ನಾ' ಇವು ಒಂದೂ ನನಗೆ ತಿಳಿಯದು. "ದುಡ್ಡು ಕಟ್ಬೇಕಂತೆ ಅಪ್ಪ" ಎಂದುಬಿಟ್ಟೆ. "ಅದು ಗೊತ್ತಿರೋದೇ, ಸುಗ್ಗಿಗೆ ನೋಡಾನ" ಎಂದು ಅವರು ಕಾಗದವನ್ನು ಸೂರಿನ ಸಂದಿಗೆ ಸಿಕ್ಕಿಸಿದರು. ಸುಗ್ಗಿಯ ವೇಳೆಗೆ ಗಡುವು ಕಳೆದಿತ್ತು. ಬಡ್ಡಿ ತೀರಿಸಲು ಕರೆಯುವ ಹಸುವನ್ನು ಮಾರಬೇಕಾಯಿತು. ಅಪ್ಪ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಅಂದಿನಿಂದ ನನಗೆ ಒಂದು ಪ್ರಶ್ನೆ ಅಂಟಿಕೊಂಡಿದೆ: ನಾನು ಅಂದು ಮಾಡಿದ್ದು ಓದೇ?

ಈ ಮೋಸಕ್ಕೆ ನಮ್ಮ ಲಿಪಿಯ ಗುಣವೂ ಒಂದು ಕಾರಣವೆಂದು ನನಗೆ ತೋರುತ್ತದೆ. ಕನ್ನಡವನ್ನು ಬಹುಮಟ್ಟಿಗೆ ಬರೆದಂತೆಯೇ ಉಚ್ಚರಿಸುತ್ತೇವೆ. ಕಾಗುಣಿತವೂ ಒತ್ತಕ್ಷರವೂ ಕೈವಶವಾದ ಮಗು ಶಾಸನವನ್ನಾದರೂ ಓದಿಬಿಡಬಲ್ಲದು. ಇದು ದೊಡ್ಡ ವರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಾಲಗೆ ಓಡಿದಷ್ಟು ದೂರ ಬುದ್ಧಿಯೂ ಓಡಿತೆಂದು ಕೇಳುವವರು ಭ್ರಮಿಸುವುದಕ್ಕೂ ಇದೇ ಎಡೆಗೊಡುತ್ತದೆ.

ಅಕ್ಷರ ಕಲಿಸುವ ಕ್ರಮದಲ್ಲಿ ನಮ್ಮ ರಾಜ್ಯ ಒಳ್ಳೆಯ ಹೆಜ್ಜೆಯನ್ನೇ ಇಟ್ಟಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, 2009ರ ತರುವಾಯ ನಾಡಿನಾದ್ಯಂತ ಹರಡಿದ 'ನಲಿ-ಕಲಿ'ಯಲ್ಲಿ ಕಲಿತವನು ನಾನು. ಅಲ್ಲಿ ಅ, ಆ, ಇ, ಈ ಎಂದು ತೊಡಗದೆ ರ, ಗ, ಸ, ದ, ಅ ಎಂದು ತೊಡಗುತ್ತಾರೆ. ಏಕೆಂದರೆ ಈ ಐದರಿಂದಲೇ ಸರ, ಅಗಸ, ಗರಗಸ ಎಂಬ ಮಾತುಗಳು ಹುಟ್ಟುತ್ತವೆ. ಅಕ್ಷರದ ಜೊತೆಗೆ ಅರ್ಥವೂ ಮಗುವಿಗೆ ದೊರೆಯುತ್ತದೆ. ಈ ವಿವೇಕ ಮೇಲಿನ ತರಗತಿಗಳಲ್ಲಿಯೂ ಮುಂದುವರಿಯಬೇಡವೆ? ಅಲ್ಲಿ ನಡೆಯುವುದೇ ಬೇರೆ. ಪಾಠದ ಕೊನೆಯ ಪ್ರಶ್ನೆಯಲ್ಲಿ 'ರಾಜನು ಏಕೆ ಚಿಂತಿತನಾದನು?' ಎಂದಿದ್ದರೆ, ಮಗು 'ಚಿಂತಿತ' ಎಂಬ ಮಾತು ಇರುವ ಸಾಲನ್ನು ಹುಡುಕಿ ಇಳಿಸಿಕೊಂಡುಬಿಡುತ್ತದೆ. ಚಿಂತೆಯೆಂದರೇನೆಂದು ತಿಳಿಯದೆಯೇ ಅದಕ್ಕೆ ಪೂರ್ಣ ಅಂಕ ದೊರೆಯುತ್ತದೆ. ನಾನೂ ಹೀಗೆಯೇ ತರಗತಿಗೆ ಮೊದಲಿಗನಾದವನು.

'ಅಸರ್' ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ 5ನೆಯ ತರಗತಿಯ ಮಕ್ಕಳ ಪೈಕಿ 2ನೆಯ ತರಗತಿಯ ಮಟ್ಟದ ಪಾಠವನ್ನು ಓದಬಲ್ಲವರು 2018ರಲ್ಲಿ ನೂರಕ್ಕೆ 50.5, 2022ರಲ್ಲಿ 42.8, 2024ರಲ್ಲಿ 48.8. ಇದು ಗಟ್ಟಿಯಾಗಿ ಓದಿಸಿ ನೋಡಿದ ಲೆಕ್ಕವೆಂಬುದನ್ನು ವಾಚಕರು ಮರೆಯಬಾರದು. ಅರ್ಥವನ್ನೂ ಕೇಳಿದ್ದರೆ, ಐದನೆಯ ತರಗತಿಯ ನನ್ನಂಥವರು ಯಾವ ಲೆಕ್ಕಕ್ಕೆ ಸೇರುತ್ತಿದ್ದರು?

ಹಳ್ಳಿಯ ಮಕ್ಕಳಿಗೆ ಪದಸಂಪತ್ತು ಇಲ್ಲವೆಂದು ಕೆಲವರು ಹೇಳುತ್ತಾರೆ. ಇದನ್ನು ನಾನು ಒಪ್ಪಲಾರೆ. ರಾಗಿಯ ಒಕ್ಕಣೆಯೊಂದರಲ್ಲೇ ನಮ್ಮ ಹುಡುಗರಿಗೆ ಕಣ, ಮೆದೆ, ತೆನೆ, ಹೊಟ್ಟು, ಜೊಳ್ಳು, ತೂರುವುದು, ಕೇರುವುದು ಎಂದು ಎಷ್ಟು ಮಾತುಗಳು ಗೊತ್ತು! ಆದರೆ ಅವು ಪುಸ್ತಕದಲ್ಲಿಲ್ಲ. ಪುಸ್ತಕದ 'ಧಾನ್ಯ', 'ಸಂಗ್ರಹಣೆ' ಮನೆಯಲ್ಲಿಲ್ಲ. ಎರಡು ದಡಗಳ ನಡುವೆ ಸಂಕ ಹಾಕುವವರಿಲ್ಲ, ಅಷ್ಟೆ. 'ಆಲು' ಎಂದ ಮಗುವನ್ನು ನಕ್ಕು ಕೂರಿಸಿದರೆ ಅದು 'ಹಾಲು' ಎನ್ನಲು ಕಲಿಯುವುದಿಲ್ಲ, ಬಾಯಿ ಮುಚ್ಚಲು ಕಲಿಯುತ್ತದೆ.

ಎರಡು ವರ್ಷಗಳಿಂದ ಸಂಜೆಯ ಹೊತ್ತು ನಮ್ಮ ಜಗಲಿಯಲ್ಲಿ ಏಳೆಂಟು ಮಕ್ಕಳನ್ನು ಕೂರಿಸಿಕೊಂಡು ಓದಿಸುತ್ತಿದ್ದೇನೆ. ಒಂದು ಕಥೆಯನ್ನು ನಡುವೆ ನಿಲ್ಲಿಸಿ 'ಮುಂದೇನಾದೀತು?' ಎಂದು ಕೇಳುತ್ತೇನೆ. ಮುಗಿದ ಮೇಲೆ ಪುಸ್ತಕ ಮುಚ್ಚಿಸಿ, ಅವ್ವನಿಗೆ ಹೇಳುವಂತೆ ಹೇಳಿಸುತ್ತೇನೆ. ಹೊಸ ಮಾತು ಬಂದರೆ ಅರ್ಥವನ್ನು ಬರೆಯಿಸುವುದಿಲ್ಲ. ಹಿಂದುಮುಂದಿನ ಸಾಲುಗಳಿಂದ ಊಹಿಸಲು ಬಿಡುತ್ತೇನೆ. ಒಂದು ಮಾತಿನ ಬಂಧುಬಳಗವನ್ನೆಲ್ಲ ಒಟ್ಟಿಗೆ ಕರೆಸುವುದೂ ಉಂಟು: ನೀರು ಬಂದರೆ ಕಣ್ಣೀರು, ತಣ್ಣೀರು, ಎಳನೀರು, ನೀರಾವರಿ ಎಲ್ಲವೂ ಬರಬೇಕು. 'ನ್ಯಾಯ-ಅನ್ಯಾಯ', 'ಸತ್ಯ-ಅಸತ್ಯ' ಹೇಳಿಕೊಟ್ಟ ದಿನ ಒಬ್ಬ ಹುಡುಗಿ, "ಹಂಗಾರೆ ಅಳಿಲು ಅಂದ್ರೆ ಳಿಲು ಅಲ್ಲದ್ದಾ ಅಣ್ಣ?" ಎಂದಳು. ಎಲ್ಲರೂ ನಕ್ಕೆವು. ಆದರೆ ಮಾತಿನೊಳಗೆ ಇಣುಕಿ ನೋಡುವ ಬುದ್ಧಿ ಅವಳಿಗೆ ಬಂದಿತ್ತು. ನನಗೆ ಆ ವಯಸ್ಸಿನಲ್ಲಿ ಅದು ಇರಲಿಲ್ಲ.

ಉಪಾಧ್ಯಾಯರಿಗೆ ಇದಕ್ಕೆಲ್ಲ ಬಿಡುವೆಲ್ಲಿ ಎಂದು ಕೇಳುವವರಿದ್ದಾರೆ. ನ್ಯಾಯವಾದ ಮಾತೇ. ಒಂದೇ ಕೊಠಡಿಯಲ್ಲಿ ಎರಡು ಮೂರು ತರಗತಿಗಳನ್ನು ನೋಡಿಕೊಂಡು, ದಾಖಲೆಗಳನ್ನೂ ಬರೆಯುವವರ ಮೇಲೆ ಹೊಸ ಹೊರೆ ಹೊರಿಸಲಾಗದು. ಆದರೆ ನಾನು ಕೇಳುತ್ತಿರುವುದು ಇನ್ನೊಂದು ಪಾಠವನ್ನಲ್ಲ. ಇಳಿಸಿಕೊಳ್ಳುವ ಪ್ರಶ್ನೋತ್ತರಗಳಿಗೆ ಈಗ ಸಲ್ಲುವ ಹೊತ್ತಿನಲ್ಲಿ ದಿನಕ್ಕೆ ಅರ್ಧ ಗಂಟೆಯನ್ನು ಮಾತಿಗೆ, ಕಥೆಗೆ ಬಿಡಿರಿ. ಬೀರುವಿನ ಪುಸ್ತಕಗಳನ್ನು ಮಕ್ಕಳ ಕೈಗೆ ಕೊಡಿರಿ, ಹರಿದರೆ ಹರಿಯಲಿ. ಪರೀಕ್ಷೆಯಲ್ಲಿ ಪಾಠದಲ್ಲಿಲ್ಲದ ಒಂದು ಪುಟ್ಟ ಪ್ರಕಟಣೆಯನ್ನೋ ಕಾಗದವನ್ನೋ ಕೊಟ್ಟು, 'ಇದರಿಂದ ನೀನು ಮಾಡಬೇಕಾದುದೇನು?' ಎಂದು ಕೇಳಿರಿ.

ಸಹಪಾಠಿಗಳೆ, ನಮ್ಮಲ್ಲಿ ಹಲವರು ನಾಳೆ ಶಿಕ್ಷಕ ತರಬೇತಿಗೆ ಹೋಗತಕ್ಕವರು. ನಮ್ಮ ಮುಂದೆ ಕೂರುವ ಮಕ್ಕಳು ಬರಿಯ ಪರೀಕ್ಷೆಗಾಗಿ ಓದುವುದಿಲ್ಲ. ಓದು ಬಾರದ ಮನೆಗಳಿಗೆ ಅವರೇ ಕಣ್ಣು. ಔಷಧಿಯ ಚೀಟಿ, ಪಹಣಿ, ನೋಟೀಸು, ಎಲ್ಲವೂ ಅವರ ಕೈಗೇ ಬರುತ್ತದೆ. ಮಗು ನಿರರ್ಗಳವಾಗಿ ಓದಿ ಮುಗಿಸಿದಾಗ 'ಭೇಷ್' ಎನ್ನುವ ಮುನ್ನ ನನ್ನ ಅಪ್ಪ ಕೇಳಿದ ಪ್ರಶ್ನೆಯನ್ನು ನಾವೂ ಕೇಳೋಣ: "ಓದ್ದಲ್ಲ ಮಗ, ಏನಂತೆ ಹೇಳು."