ಡೈನೋಸಾರ್ ಸಂಸಾರದ ನೆರೆಹೊರೆ

ಅಮೆರಿಕದ ಎಬಿಸಿ ವಾಹಿನಿಯಲ್ಲಿ 1991ರ ಏಪ್ರಿಲ್ ತಿಂಗಳಿನಿಂದ ಪ್ರಸಾರವಾದ ‘ಡೈನೋಸಾರ್ಸ್’ ಎಂಬ ಗೊಂಬೆಗಳ ಹಾಸ್ಯ ಧಾರಾವಾಹಿಯನ್ನು ಒಮ್ಮೆಯಾದರೂ ಕಂಡವರ ನೆನಪಿಗೆ ಮೊದಲು ಬರತಕ್ಕದ್ದು, ತಂದೆಯನ್ನು ತಂದೆಯೆಂದು ಒಪ್ಪದೆ ‘ಇವನು ಅಮ್ಮನಲ್ಲ’ ಎಂದು ಕೂಗುತ್ತ ಬಾಣಲೆಯಿಂದ ಅವನ ನೆತ್ತಿಗೆ ಬಾರಿಸುವ ಹಸುಳೆ. ಆ ಹಸುಳೆಯ ಮೋಹಕತೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಕೃತಿ ಮೂರು ದಶಕಗಳ ಅನಂತರವೂ ವಿಚಾರಕ್ಕೆ ಯೋಗ್ಯವಾಗಿ ಉಳಿದಿರುವುದಕ್ಕೆ ಕಾರಣವನ್ನು ಅರಸುವವರು ಸಿಂಕ್ಲೇರ್ ಕುಟುಂಬದ ಮನೆಯ ಹೊಸ್ತಿಲನ್ನು ದಾಟಿ, ಆ ಕುಟುಂಬದ ಮೇಲಧಿಕಾರಿ, ಗೆಳೆಯ, ನೆರೆಯವಳು, ವಾರ್ತಾವಾಚಕ ಮುಂತಾದ ಪೋಷಕ ಪಾತ್ರಗಳ ಕಡೆಗೆ ದೃಷ್ಟಿ ಹಾಯಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಸದ್ಗುಣಿಗಳಲ್ಲದಿದ್ದರೂ ದುಷ್ಟರಂತೂ ಅಲ್ಲದ ಒಂದು ಸಾಮಾನ್ಯ ಸಂಸಾರವು ತನ್ನ ಲೋಕವನ್ನೇ ಹೇಗೆ ನಾಶಮಾಡಿಕೊಳ್ಳಬಲ್ಲುದೆಂಬುದನ್ನು ಆ ಪಾತ್ರಗಳು ವಿಶದಪಡಿಸುವಷ್ಟು ಸ್ಪಷ್ಟವಾಗಿ ನಾಯಕನ ಪಾತ್ರವೂ ವಿಶದಪಡಿಸುವುದಿಲ್ಲ.

ಈ ಕಲ್ಪನೆಯ ಮೂಲಪುರುಷನು ‘ಮಪೆಟ್’ ಗೊಂಬೆಗಳಿಂದ ಜಗತ್ಪ್ರಸಿದ್ಧನಾದ ಜಿಮ್ ಹೆನ್ಸನ್. 1990ರ ಮೇ ತಿಂಗಳಿನಲ್ಲಿ ಆತನು ಅಕಾಲದಲ್ಲಿ ತೀರಿಕೊಂಡ ಬಳಿಕ, ಮಗ ಬ್ರಯನ್ ಹೆನ್ಸನ್ ಹಾಗೂ ನಿರ್ಮಾಪಕ ಮೈಕೇಲ್ ಜೇಕಬ್ಸ್ ಮೊದಲಾದವರು ಡಿಸ್ನಿ ಸಂಸ್ಥೆಯ ಸಹಯೋಗದಿಂದ ಅದನ್ನು ತೆರೆಗೆ ತಂದರು; ಒಟ್ಟು 65 ಕಂತುಗಳು ಸಿದ್ಧವಾದುವು. ಕಥೆ ನಡೆಯುವ ಕಾಲ ಕ್ರಿಸ್ತಪೂರ್ವ 6,00,00,003ನೆಯ ವರ್ಷ. ಸ್ಥಳ ಪ್ಯಾಂಜಿಯಾ ಎಂಬ ಅಖಂಡ ಭೂಭಾಗ. ಅಲ್ಲಿ ಅರ್ಲ್ ಸಿಂಕ್ಲೇರ್ ಎಂಬ ಗೃಹಸ್ಥನು ‘ವೀಸೇಸೋ’ ಎಂಬ ಮಹಾಸಂಸ್ಥೆಯಲ್ಲಿ ಮರಗಳನ್ನು ತಳ್ಳಿ ಉರುಳಿಸುವ ಕೆಲಸಕ್ಕೆ ಹೋಗುತ್ತಾನೆ; ಹೆಂಡತಿ ಫ್ರ್ಯಾನ್ ಮನೆಯನ್ನು ನೋಡಿಕೊಳ್ಳುತ್ತಾಳೆ; ರಾಬಿ, ಷಾರ್ಲೀನ್ ಎಂಬ ಹರೆಯದ ಮಕ್ಕಳಿಬ್ಬರು, ಮೇಲೆ ಹೇಳಿದ ಹಸುಳೆ, ಗಾಲಿಕುರ್ಚಿಯಲ್ಲಿ ಕುಳಿತ ಅತ್ತೆ ಎಥಿಲ್. ಗೊಂಬೆಗಳ ಮೈಯೊಳಗೆ ಅಮೆರಿಕದ ಮಧ್ಯಮವರ್ಗದ ಸಂಸಾರವೇ ಕುಳಿತಿದೆಯೆಂಬುದು ಮೊದಲ ನೋಟಕ್ಕೇ ತಿಳಿಯುತ್ತದೆ.

ಇಂತಹ ಒಂದೊಂದು ದೊಡ್ಡ ಗೊಂಬೆಗೂ ಸಾಮಾನ್ಯವಾಗಿ ಮೂವರ ಶ್ರಮ ಬೇಕಾಗಿತ್ತು. ಒಬ್ಬನು ಆ ಭಾರವಾದ ಚರ್ಮದಂಥ ಕವಚವನ್ನು ತೊಟ್ಟು ನಡೆದಾಡಿ ಕೈಯಾಡಿಸುವನು. ಇನ್ನೊಬ್ಬನು ದೂರದಲ್ಲಿ ನಿಂತು, ಗೊಂಬೆಯ ತಲೆಯೊಳಗೆ ಅಡಗಿಸಿದ ಪುಟ್ಟ ಮೋಟಾರುಗಳನ್ನು ಬೆರಳುಗಳ ಚಲನೆಯಿಂದಲೇ ನಿಯಂತ್ರಿಸಿ ಹುಬ್ಬು, ರೆಪ್ಪೆ, ತುಟಿಗಳಲ್ಲಿ ಭಾವವನ್ನು ಮೂಡಿಸುವನು. ಮೂರನೆಯವನು ಕಂಠದಾನ ಮಾಡುವನು. ಒಬ್ಬನ ಹೆಜ್ಜೆ, ಮತ್ತೊಬ್ಬನ ಬೆರಳು, ಮಗದೊಬ್ಬನ ನಾಲಗೆ ಇವು ಮೂರೂ ಏಕೀಭವಿಸದಿದ್ದರೆ ಗೊಂಬೆಗೆ ಜೀವ ಬರುವಂತಿರಲಿಲ್ಲ. ಇಷ್ಟು ದುಬಾರಿಯಾದ, ಇಷ್ಟು ಕ್ಲಿಷ್ಟವಾದ ಕೌಶಲವನ್ನು ಆ ಶಿಲ್ಪಿಗಳು ನಾಯಕನಿಗಷ್ಟೇ ಮೀಸಲಿಡದೆ, ಗೆಳೆಯ ರಾಯ್ ಹೆಸ್‌ನಂತಹವನಿಗೂ ಧಾರಾಳವಾಗಿ ವ್ಯಯಿಸಿದರೆಂಬುದನ್ನು ನೋಡಿದರೆ, ಪೋಷಕ ಪಾತ್ರಗಳನ್ನು ಅವರು ಎಷ್ಟು ಗೌರವದಿಂದ ಭಾವಿಸಿದ್ದರೆಂಬುದು ವಿದಿತವಾಗುತ್ತದೆ.

ಈ ಪಾತ್ರಗಳಲ್ಲಿ ಅಗ್ರಗಣ್ಯನಾದವನು ಮೇಲಧಿಕಾರಿ ಬಿ.ಪಿ. ರಿಚ್‌ಫೀಲ್ಡ್. ಸಿಂಕ್ಲೇರ್, ಹೆಸ್, ರಿಚ್‌ಫೀಲ್ಡ್, ಅತ್ತೆಯ ಮನೆತನದ ಫಿಲಿಪ್ಸ್ ಇವೆಲ್ಲ ಅಮೆರಿಕದ ತೈಲೋದ್ಯಮದ ನಾಮಧೇಯಗಳೆಂಬುದನ್ನು ಅಲ್ಲಿನ ಪ್ರೇಕ್ಷಕರು ಕೂಡಲೇ ಗುರುತಿಸಿರಬೇಕು. ಪ್ರಾಚೀನ ಜೀವಿಗಳ ಅಳಿವಿಗೂ ಆಧುನಿಕ ಇಂಧನದ ಹಸಿವಿಗೂ ಇರುವ ನಂಟನ್ನು ಕರ್ತೃಗಳು ಹೀಗೆ ನಾಮಕರಣದಲ್ಲಿಯೇ ಸೂಚಿಸಿದ್ದರು. ರಿಚ್‌ಫೀಲ್ಡನು ಕೊಂಬುಗಳುಳ್ಳ ಬೃಹತ್ಕಾಯನು. ‘ದಿ ಜೆಫರ್ಸನ್ಸ್’ ಧಾರಾವಾಹಿಯಲ್ಲಿ ಜಾರ್ಜ್ ಜೆಫರ್ಸನ್ ಆಗಿ ಖ್ಯಾತನಾಗಿದ್ದ ಷರ್ಮನ್ ಹೆಮ್ಸ್ಲೀ ಅವನಿಗೆ ಕಂಠ ಕೊಟ್ಟಿದ್ದನು. ಆ ಕಂಠದ ಅಬ್ಬರಕ್ಕೆ ಅರ್ಲನು ಮುದುಡಿ ಹೋಗುವುದನ್ನು ಕಂಡಾಗ ನಗು ಬರುವುದು ಸಹಜ. ಆದರೆ ಆ ನಗುವಿನ ಅಡಿಯಲ್ಲಿ, ಮನೆಯಲ್ಲಿ ಗರ್ಜಿಸುವ ಯಜಮಾನನ ಪೌರುಷವೆಲ್ಲ ಕಚೇರಿಯ ಬಾಗಿಲಲ್ಲಿ ಕಳಚಿ ಬೀಳತಕ್ಕದ್ದೆಂಬ, ದುಡಿದು ಉಣ್ಣುವ ಎಲ್ಲ ದೇಶದ ಸಂಸಾರಿಗಳೂ ಬಲ್ಲ ಒಂದು ಕಟುಸತ್ಯವಿದೆ.

ರಾಯ್ ಹೆಸ್ ಇದಕ್ಕೆ ವ್ಯತಿರಿಕ್ತನು. ಜಾತಿಯಲ್ಲಿ ಅವನು ಟಿರನೋಸಾರಸ್. ಲೋಕವೇ ನಡುಗಬೇಕಾದ ಪ್ರಾಣಿ. ಅಂತಹವನನ್ನು ಮಂದಮತಿಯಾದ, ಮಮತೆಯುಳ್ಳ, ಗೆಳೆಯನು ಹೇಳಿದ್ದಕ್ಕೆಲ್ಲ ತಲೆದೂಗುವ ಸಹೋದ್ಯೋಗಿಯನ್ನಾಗಿ ಚಿತ್ರಿಸಿರುವುದು ಬಹಳ ಜಾಣತನದ ಕೆಲಸ. ರಿಚ್‌ಫೀಲ್ಡನ ಆಜ್ಞೆಯೊಂದರಿಂದಲೇ ಕಾಡು ನೆಲಕ್ಕೆ ಉರುಳುವುದಿಲ್ಲವಷ್ಟೆ? ಅದನ್ನು ಉರುಳಿಸುವುದಕ್ಕೆ ರಾಯ್‌ನಂತಹ ಸಾಧುಗಳ ಭುಜಬಲ ಬೇಕು. ಆ ಬಲವನ್ನು ದ್ವೇಷದಿಂದಲ್ಲದೆ, ಸ್ನೇಹದಿಂದಲೂ ಅಭ್ಯಾಸದಿಂದಲೂ ಅವನು ಸಲ್ಲಿಸುತ್ತಾನೆ.

ಇನ್ನು ವಿದ್ಯೆಯ ಹಾಗೂ ವಾರ್ತೆಯ ಪ್ರತಿನಿಧಿಗಳು ಇಬ್ಬರು. ದೂರದರ್ಶನದಲ್ಲಿ ಬರುವ ವಿಜ್ಞಾನ ಬೋಧಕ ಮಿಸ್ಟರ್ ಲಿಜರ್ಡ್ ಮೊದಲನೆಯವನು. 1951ರಲ್ಲಿ ಆರಂಭವಾಗಿ ಅಮೆರಿಕದ ಮಕ್ಕಳಿಗೆ ವಿಜ್ಞಾನದ ರುಚಿ ಹತ್ತಿಸಿದ ‘ವಾಚ್ ಮಿಸ್ಟರ್ ವಿಜರ್ಡ್’ ಕಾರ್ಯಕ್ರಮದ ಅನುಕರಣವದು. ಟಿಮ್ಮಿ ಎಂಬ ಮುಗ್ಧ ಬಾಲಕನು ಗುರುವಿನ ಮಾತಿನಂತೆ ಪ್ರಯೋಗ ಮಾಡಲು ಹೋಗಿ ಪ್ರಾಣ ಕಳೆದುಕೊಳ್ಳುತ್ತಾನೆ. ಗುರುವು ಒಂದಿಷ್ಟೂ ವಿಚಲಿತನಾಗದೆ ಇನ್ನೊಬ್ಬ ಟಿಮ್ಮಿ ಬೇಕಾಗಿದ್ದಾನೆಂದು ಸಾರುತ್ತಾನೆ. ಕ್ಷಣಮಾತ್ರದ ಈ ಪ್ರಸಂಗದಲ್ಲಿ, ಕರುಣೆಯಿಂದ ಬೇರ್ಪಟ್ಟ ಜ್ಞಾನವು ಎಂತಹ ಘೋರವಾಗಬಲ್ಲುದೆಂಬ ವಿಚಾರವಿಡೀ ಅಡಕವಾಗಿದೆ. ಎರಡನೆಯವನು ವಾರ್ತಾವಾಚಕ ಹೊವರ್ಡ್ ಹ್ಯಾಂಡಪ್‌ಮಿ. ಯುದ್ಧವಾಗಲಿ, ವಿಪತ್ತಾಗಲಿ, ಅವನ ಸ್ವರ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಪಿಸ್ತಾ ಬೀಜಗಳಿಗಾಗಿ ಎರಡು ಕಾಲಿನವರೂ ನಾಲ್ಕು ಕಾಲಿನವರೂ ಸಮರಕ್ಕೆ ನಿಲ್ಲುವ ಕಂತುಗಳು ಕೊಲ್ಲಿ ಯುದ್ಧದ ಮರುವರ್ಷ, ಅಂದರೆ 1992ರಲ್ಲಿ, ಬಂದುವು. ಯುದ್ಧವನ್ನು ಮನೆಯ ಹಜಾರದಲ್ಲಿ ಕುಳಿತು ನೇರ ಪ್ರಸಾರದಲ್ಲಿ ನೋಡುವ ಅಭ್ಯಾಸ ಆಗ ಅಮೆರಿಕನ್ನರಿಗೆ ಹೊಸತಾಗಿತ್ತು.

ಹಾಗಾದರೆ ಆ ಸಮಾಜದಲ್ಲಿ ಎದುರು ನುಡಿಯುವವರು ಯಾರೂ ಇರಲಿಲ್ಲವೆ? ಇದ್ದರು, ಅವರೂ ಪೋಷಕ ಪಾತ್ರಗಳೇ. ಫ್ರ್ಯಾನ್‌ಳ ಗೆಳತಿ ಮಾನಿಕಾ ಗಂಡನನ್ನು ಬಿಟ್ಟು ಸ್ವತಂತ್ರಳಾಗಿ ಬದುಕುವ, ನೀಳ ಕೊರಳಿನ, ನಾಲ್ಕು ಕಾಲಿನ ಹೆಣ್ಣು. ಆಕೆಯ ಕಾಯವು ಮನೆಯೊಳಗೆ ಹಿಡಿಸುವುದಿಲ್ಲವಾದುದರಿಂದ, ಕಿಟಕಿಯ ಮೂಲಕ ಶಿರಸ್ಸು ಮತ್ತು ಕಂಠಗಳು ಮಾತ್ರ ಅಡಿಗೆಮನೆಯನ್ನು ಪ್ರವೇಶಿಸುತ್ತವೆ. ಗೊಂಬೆ ಮಾಡುವವರ ಅನುಕೂಲಕ್ಕೂ ಒದಗಿಬಂದ ಈ ಏರ್ಪಾಟು, ಆ ವ್ಯಕ್ತಿಯ ಸಾಮಾಜಿಕ ಸ್ಥಿತಿಗೂ ಎಷ್ಟು ಸಮರ್ಪಕವಾಗಿದೆಯೆಂಬುದನ್ನು ನೋಡಿ ನಾನು ಬೆರಗಾಗಿದ್ದೇನೆ. ಹೊರಗೆ ನಿಂತೇ ಒಳಗಿನವರಿಗೆ ಬುದ್ಧಿ ಹೇಳಬೇಕಾದ ವಿವೇಕವತಿಯ ನೆಲೆಯೇ ಅದು. ಆಕೆ ವೀಸೇಸೋ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ, ಮೇಲಿನವನಿಂದ ಕಿರುಕುಳಕ್ಕೊಳಗಾಗಿ ದೂರು ಕೊಡುವ ಕಂತೊಂದುಂಟು. 1991ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಅನಿತಾ ಹಿಲ್ ಇಂತಹುದೇ ಕಿರುಕುಳದ ಬಗ್ಗೆ ನುಡಿದ ಸಾಕ್ಷ್ಯದ ನೆರಳು ಅದರ ಮೇಲೆ ಬಿದ್ದಿತ್ತು. ದೇಶವಿಡೀ ವಾದಿಸುತ್ತಿದ್ದ ವಿಷಯವನ್ನು ಮಕ್ಕಳೂ ಕುಳಿತು ನೋಡುವ ಹಾಸ್ಯಕ್ಕೆ ತರುವ ಧೈರ್ಯಕ್ಕೆ ಆಧಾರವಾದವಳು ಈ ನೆರೆಯವಳು.

ಎಥಿಲ್ ಅಜ್ಜಿಯ ಪ್ರಸಂಗವೂ ಅಷ್ಟೇ ಸ್ಮರಣೀಯ. ಎಪ್ಪತ್ತೆರಡು ವರ್ಷ ತುಂಬಿದ ವೃದ್ಧರನ್ನು ಡಾಂಬರಿನ ಗುಂಡಿಗೆ ಎಸೆಯುವುದು ಆ ಸಮಾಜದ ಸಂಪ್ರದಾಯ. ಎಸೆಯುವ ಗೌರವ ಅಳಿಯನದು. ಅತ್ತೆಯ ನಾಲಗೆಯ ಪೆಟ್ಟನ್ನು ಬಹುಕಾಲ ತಿಂದಿದ್ದ ಅರ್ಲನಿಗೆ ಅದು ಹಬ್ಬದಂತೆ ತೋರುತ್ತದೆ. ಮೊಮ್ಮಗ ರಾಬಿ ಅಡ್ಡಬಂದು, ಹಿಂದಿನಿಂದ ನಡೆದುಬಂದಿತೆಂಬುದೇ ಒಂದು ಕಾರ್ಯದ ಸಮರ್ಥನೆಯಾಗಲಾರದೆಂದು ವಾದಿಸುತ್ತಾನೆ. ತಲೆಮಾರುಗಳ ನಡುವಣ ಈ ವಾಗ್ವಾದಕ್ಕೆ ಅಜ್ಜಿಯೆಂಬ ಪಾತ್ರವಿಲ್ಲದಿದ್ದರೆ ಆಸ್ಪದವೇ ಇರುತ್ತಿರಲಿಲ್ಲ.

ಆ ಮನೆಯ ಫ್ರಿಜ್ಜಿನೊಳಗೂ ಪೋಷಕ ಪಾತ್ರಗಳಿವೆ. ಬಾಗಿಲು ತೆರೆದರೆ, ಆಹಾರವಾಗಲಿರುವ ಪುಟ್ಟ ಜೀವಿಗಳು ಜೀವಂತವಾಗಿ ಕುಳಿತು ತೆರೆದವನೊಡನೆ ಸಂಭಾಷಿಸುತ್ತವೆ. ಹಸಿದ ಪ್ರಾಣಿಗಳ ಲೋಕವನ್ನು ನಾಗರಿಕತೆಯ ಹೊದಿಕೆಯಿಂದ ಎಷ್ಟು ಮುಚ್ಚಿದರೂ, ತಿನ್ನುವವನ ಮತ್ತು ತಿನಿಸಿನ ಸಂಬಂಧ ಮರೆಯಾಗದೆಂಬುದನ್ನು ಅವು ತಾಳ್ಮೆಯಿಂದ ನೆನಪಿಸುತ್ತವೆ.

1994ರ ಜುಲೈ 20ರಂದು ಎಬಿಸಿಯಲ್ಲಿ ಪ್ರಸಾರವಾದ ‘ಚೇಂಜಿಂಗ್ ನೇಚರ್’ ಎಂಬ ಉಪಸಂಹಾರದ ಕಂತಿನಲ್ಲಿ ಈ ಎಳೆಗಳೆಲ್ಲ ಒಂದೆಡೆ ಸೇರುತ್ತವೆ. ಪ್ರತಿವರ್ಷ ಬಂದು ಒಂದು ಬಗೆಯ ಹೂಬಳ್ಳಿಯನ್ನು ತಿಂದು ಹದ್ದಿನಲ್ಲಿಡುತ್ತಿದ್ದ ಜೀರುಂಡೆಗಳು, ಅವು ಕೂಡುವ ಜೌಗುನೆಲದಲ್ಲಿ ವೀಸೇಸೋ ಸಂಸ್ಥೆ ಮೇಣದ ಹಣ್ಣುಗಳ ಕಾರ್ಖಾನೆಯನ್ನು ಕಟ್ಟಿದ ಕಾರಣ ಅಳಿದುಹೋಗಿವೆ. ಬಳ್ಳಿ ಎಲ್ಲೆಡೆ ಹಬ್ಬುತ್ತದೆ. ಅದನ್ನು ಕೊಲ್ಲಲು ಸಿಂಪಡಿಸಿದ ವಿಷದಿಂದ ಸಸ್ಯಕೋಟಿಯೇ ಸಾಯುತ್ತದೆ. ಮಳೆ ಬರಿಸುವ ಆಸೆಯಿಂದ ಜ್ವಾಲಾಮುಖಿಗಳಿಗೆ ಬಾಂಬು ಹಾಕಲಾಗಿ, ಮೋಡ ಕವಿದು ಸೂರ್ಯನು ಮರೆಯಾಗಿ, ಹಿಮಯುಗ ಕಾಲಿಡುತ್ತದೆ. ಈ ಕಾರ್ಯದ ಮುಂದಾಳು ಅರ್ಲನೇ. ಕೊನೆಗೆ ಮನೆಯವರ ಮುಂದೆ ತಪ್ಪೊಪ್ಪಿಕೊಳ್ಳುವವನೂ ಅವನೇ. ಆದರೆ ಚಳಿಯಿಂದ ವ್ಯಾಪಾರ ಏರಿತೆಂದು ಹಿಗ್ಗುವವನು ರಿಚ್‌ಫೀಲ್ಡ್; ಹಿಮವೂ ಕತ್ತಲೆಯೂ ಮುಂದುವರಿಯುವುವೆಂದು ಓದಿ ವಿದಾಯ ಹೇಳುವವನು ಹೊವರ್ಡ್. ಅದುವರೆಗೆ ನಾವು ಸಲಿಗೆಯಿಂದ ನಕ್ಕಿದ್ದ ಅವರ ಲಕ್ಷಣಗಳೇ ಇಲ್ಲಿ ಸರ್ವನಾಶದ ಹೇತುಗಳಾಗಿ ನಿಲ್ಲುತ್ತವೆ.

ಇವೆಲ್ಲ ಏಕಗುಣದ ಪಾತ್ರಗಳು, ಇವುಗಳಲ್ಲಿ ಮನೋವಿಕಾಸವಿಲ್ಲ ಎಂದು ಆಕ್ಷೇಪಿಸುವವರು ಇರಬಹುದು. ಆಕ್ಷೇಪದಲ್ಲಿ ಸತ್ಯಾಂಶವಿದೆ, ಆದರೆ ಅದು ದೋಷವೆಂದು ನಾನು ಒಪ್ಪಲಾರೆ. ಅಧಿಕಾರ, ಪ್ರಚಾರ, ರೂಢಿ ಇವು ಸಂಸಾರಿಯ ಅನುಭವಕ್ಕೆ ಬರುವುದು ಬದಲಾಗದ ಮುಖಗಳಾಗಿಯೇ. ಬದಲಾಗುವ ಹೊಣೆ ಸಂಸಾರಿಯದು. ಅರ್ಲನು ಬದಲಾದುದು ತೀರ ತಡವಾಗಿ ಎಂಬುದರಲ್ಲಿ ಆ ಕೃತಿಯ ದುರಂತವಿದೆ.

ಕುಟುಂಬದ ಕಥೆಯನ್ನು ಯಾವ ಭಾಷೆಯಲ್ಲಿ ಬರೆಯುವವರಾದರೂ ಈ ಗೊಂಬೆಗಳಿಂದ ಕಲಿಯಬೇಕಾದುದಿದೆ. ಗಂಡಹೆಂಡಿರ ಕಲಹ, ಅತ್ತೆಯ ಕೊಂಕು, ಮಕ್ಕಳ ಹಟ ಇವಿಷ್ಟರಿಂದಲೇ ಮನೆಯೊಂದು ಪೂರ್ಣವಾಗುವುದಿಲ್ಲ. ಆ ಮನೆಗೆ ಸಂಬಳ ಕೊಡುವವನು ಯಾರು, ಸುದ್ದಿ ಹೇಳುವವನು ಯಾರು, ಅದರ ಮಕ್ಕಳಿಗೆ ಪಾಠ ಕಲಿಸುವವನು ಯಾರು, ಅದರ ಊಟ ಎಲ್ಲಿಂದ ಬಂದಿತು ಎಂಬ ಪ್ರಶ್ನೆಗಳಿಗೆ ಮುಖವನ್ನೂ ಮಾತನ್ನೂ ಕೊಟ್ಟಾಗಲೇ ಸಂಸಾರದ ಚಿತ್ರವು ಸಮಾಜದ ಚಿತ್ರವಾಗುತ್ತದೆ. ಪೋಷಕ ಪಾತ್ರವನ್ನು ನಗೆಗೊಂದು ನೆಪವೆಂದು ಬಗೆದು ಅವಸರದಲ್ಲಿ ಗೀಚಿ ಮುಗಿಸುವ ಲೇಖಕನು, ತನ್ನ ನಾಯಕನು ಬದುಕಬೇಕಾದ ಲೋಕವನ್ನೇ ಬರೆಯದೆ ಬಿಟ್ಟಂತಾಗುತ್ತದೆ.