ರೇಡಿಯೋ ಮನೆಯಲ್ಲೇ ಇದೆಯಲ್ಲ!

"ರೇಡಿಯೋ ಮನೆಯಲ್ಲೇ ಇದೆಯಲ್ಲ, ಅಷ್ಟು ದೂರ ಯಾಕ್ರಿ?" ಎಂದು ಆಳಂದದ ನೆರೆಯವರು ನಕ್ಕರು. ಆದರೂ 1966ರಿಂದ ನಮ್ಮ ಸೀಮೆಗೆ ಹಾಡು ಕೇಳಿಸಿದ ಕಲಬುರಗಿ ಆಕಾಶವಾಣಿಯ ಆಹ್ವಾನಿತ ಶ್ರೋತೃಗಳ ಕಚೇರಿಗೆ ಹೋದೆ. ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುತ್ತಿದ್ದ ಗಾಯಕಿ ಉಸಿರೆಳೆದುಕೊಂಡದ್ದೂ ಕೇಳಿಸುವಷ್ಟು ಹತ್ತಿರವಿದ್ದರು.

ಆಮೇಲೆ ಮಾತಾಡಿಸಿದೆ. "ನಿಮ್ಮವ್ವ ಬೀಸುವಾಗ ಯಾವ ಹಾಡು ಹಾಡ್ತಿದ್ದರ್ರೀ ಅಕ್ಕಾರ?" ಎಂದರು. ನಾನು ತಲೆ ತಗ್ಗಿಸಿದೆ. ಅವ್ವನೊಂದಿಗೇ ಹಾಡುಗಳೂ ಹೋದವು, ಬಿ.ಎ., ಬಿ.ಎಡ್. ಓದಿದ ನಾನು ಒಂದನ್ನೂ ಬರೆದಿಡಲಿಲ್ಲ.

ರೇಡಿಯೋ ಹಾಡು ಕೇಳಿಸುತ್ತದೆ; ಹೀಗೆ ನಮ್ಮನ್ನು ಕೇಳುವುದಿಲ್ಲ. ಅಫಜಲಪುರ, ಜೇವರ್ಗಿಯ ತಂಗಿಯರೇ, ಸೀರೆ ಕೊಳ್ಳಲು ಕಲಬುರಗಿಗೆ ಹೋಗುವ ನಮಗೆ ಹಾಡಿಗೆ ಮಾತ್ರ ಪುರುಸೊತ್ತಿಲ್ಲವೇ? ಹೋಗಿ ಕೇಳಿ. ಬಂದು, ಮನೆಯ ಹಿರಿಯಳ ಹಾಡನ್ನು ಇಂದೇ ಬರೆದಿಡಿ.